ಹೈದರಾಬಾದಿನಿಂದ ಬಂದ ಗ್ರಾಫಿಕ್ಸ್ ಕಾರ್ಡಿಗೆ ಸಿಂಧನೂರಿನ ಕರಿಬಸಪ್ಪನ ತಕರಾರು

ಸಿಂಧನೂರು, ಮೇ ೧೯೯೬

ಮಾನ್ಯರೇ,

ನನ್ನ ಕಂಪ್ಯೂಟರಿನ ಹೊಟ್ಟೆಯೊಳಗೆ ಈ ಯುಗಾದಿಯಿಂದ ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ, ಸಿಂಧನೂರು ಬಸ್ ಸ್ಟ್ಯಾಂಡಿನ ಎದುರಿಗೆ ಲಗ್ನಪತ್ರಿಕೆ, ಕರಪತ್ರ ಮಾಡಿಕೊಡುವ ಅಂಗಡಿಯ ಮಾಲೀಕನಾದ ಕರಿಬಸಪ್ಪನು ತಲೆಬಾಗಿ ಮಾಡುವ ನಮಸ್ಕಾರಗಳು. ತಾವು ಅಂಗೈ ಅಗಲದ ಒಂದು ಹಸಿರು ಹಲಗೆಯೆಂಬುದೂ, ತಮಗೆ ಕನ್ನಡ ಓದಲು ಬರುವುದಿಲ್ಲವೆಂಬುದೂ ನನಗೆ ತಿಳಿದಿದೆ. ಆದರೂ ಈ ಪತ್ರವನ್ನು ಅಂಗಡಿಯ ಬಾಗಿಲಿಗೆ ಹಚ್ಚಬೇಕಾಗಿ ಬಂದಿರುವುದರಿಂದ, ಮತ್ತು ಬಾಗಿಲಿಗೆ ಹಚ್ಚಿದ್ದನ್ನು ಮಂದಿ ನಿಂತು ಓದಬೇಕಾದರೆ ಯಾರ ಮೇಲಾದರೂ ಒಂದು ತಕರಾರು ಇರಲೇಬೇಕಾದ್ದರಿಂದ, ತಮ್ಮನ್ನೇ ಸಂಬೋಧಿಸುವ ಧೈರ್ಯ ಮಾಡಿದ್ದೇನೆ.

ತಾವು ಬರುವ ಮೊದಲು ನನ್ನ ಕಂಪ್ಯೂಟರು ಹದಿನಾರೇ ಬಣ್ಣ ತೋರಿಸುತ್ತಿತ್ತು. ಆ ಹದಿನಾರರಲ್ಲೇ ತಾಲೂಕಿನ ಮದುವೆಗಳು ಸುಸೂತ್ರವಾಗಿ ನಡೆದು ಮಕ್ಕಳೂ ಆಗುತ್ತಿದ್ದವು. ಒಬ್ಬ ಗಿರಾಕಿಯೂ ದೂರಿದ್ದಿಲ್ಲ. ಆದರೆ ಒಂದು ದಿನ ಲಿಂಗಸುಗೂರಿಗೆ ಹೋದಾಗ, ನನ್ನದೇ ಧಂದೆಯವರಾದ ಬಸವಂತರಾಯರು ತಮ್ಮ ಪರದೆಯ ಮೇಲೆ ಗುಲಾಬಿ ಹೂವೊಂದನ್ನು ಇಬ್ಬನಿಯ ಹನಿ ಸಮೇತ ತೋರಿಸಿ, ‘ಇದು ಲಕ್ಷಗಟ್ಟಲೆ ಬಣ್ಣದ ಕಾರ್ಡು, ನೀವಿನ್ನೂ ಹಾಕಿಸಿಲ್ಲೇನ್ರಿ?’ ಎಂದು ಚಹಾ ಕೊಟ್ಟು ಕೇಳಿದರು. ಆ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಮರುವಾರವೇ, ಹೈದರಾಬಾದಿಗೆ ಅಕ್ಕಿ ಒಯ್ಯುವ ಲಾರಿಯವರ ಕೈಯಲ್ಲಿ ತಮ್ಮನ್ನು ತರಿಸಿಕೊಂಡೆ.

ತಮ್ಮನ್ನು ಕೂರಿಸಲು ರಾಯಚೂರಿನಿಂದ ತಿಳಿದವರನ್ನು ಕರೆಸೋಣವೆಂದು ಗ್ಯಾನಮ್ಮನವರು ಹೇಳಿದರು. ಗ್ಯಾನಮ್ಮನವರೆಂದರೆ ತುರ್ವಿಹಾಳದಿಂದ ದಿನಾ ಮುಂಜಾನೆ ಬಸ್ಸಿಗೆ ಬಂದು, ನಾಲ್ಕು ವರ್ಷದಿಂದ ನನ್ನ ಅಂಗಡಿಯ ಟೈಪಿಂಗು, ಡಿಸೈನು ಎಲ್ಲವನ್ನೂ ಮಾಡುತ್ತಿದ್ದವರು. ಅಂಗಡಿಯಲ್ಲಿ ಕಂಪ್ಯೂಟರು ಬರುತ್ತಿದ್ದದ್ದು ಅವರಿಗೆ, ಹೆಸರು ಬರುತ್ತಿದ್ದದ್ದು ನನಗೆ. ಪಂಪ್‌ಸೆಟ್ ಬಿಚ್ಚಿ ಜೋಡಿಸಿದ ಕೈಗೆ ಇದೇನು ದೊಡ್ಡದೆಂದು ನಾನೇ ತೆಂಗಿನಕಾಯಿ ಒಡೆದು, ನಾನೇ ಸ್ಕ್ರೂ ಬಿಚ್ಚಿ, ತಮ್ಮನ್ನು ಒಳಗೆ ಒತ್ತಿ ಕೂರಿಸಿ, ಕಂಪ್ಯೂಟರಿನ ಡಬ್ಬಿಯನ್ನು ಮೊಣಕಾಲಿನಿಂದ ಮೇಜಿನ ಕೆಳಗೆ ದೂಡಿದೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಆ ಡಬ್ಬಿಯ ಮುಖದ ಮೇಲೆ ಕೆಂಪು ದೀಪದಲ್ಲಿ ಒಂದು ಅಂಕಿ ಉರಿಯುತ್ತದೆ. ಕೊಂಡ ದಿನದಿಂದ ಅದು ಅರವತ್ತಾರು ಎಂದು ತೋರಿಸುತ್ತಿತ್ತು. ನಾನು ಅದನ್ನು ಯಂತ್ರದ ಸೆಕೆ ಎಂದು ತಿಳಿದು, ಬೇಸಿಗೆಯಲ್ಲಿ ಅದರ ಬದಿಗೆ ನೀರು ಚಿಮುಕಿಸಿದ ಗೋಣಿಚೀಲ ಇಳಿಬಿಡುತ್ತಿದ್ದೆ. ತಾವು ಬಂದ ದಿನ ಅಲ್ಲಿ ಮೂವತ್ತಮೂರು ಕಂಡಿತು. ‘ಸಾವುಕಾರ್ರ, ನಂಬರ್ ಬದಲಾಗೈತ್ರಿ’ ಎಂದರು ಗ್ಯಾನಮ್ಮನವರು. ‘ತಣ್ಣಗಾಗೈತಿ ತಂಗಿ, ಹೈದರಾಬಾದಿನ ಮಾಲು ಅಂದ್ರ ಸುಮ್ನಲ್ಲ’ ಎಂದೆ ನಾನು. ಅವರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು, ಹೊರಗೆ ನಲವತ್ತೆರಡು ಡಿಗ್ರಿ, ಒಳಗೆ ಮೂವತ್ತಮೂರು ಎಂದು ತೋರಿಸಿ, ಡಬ್ಬಿಗೆ ಕೈ ಮುಟ್ಟಿಸಿ, ತಂಪು ಹೌದೆಂದು ಅವರ ಬಾಯಿಂದ ಒಪ್ಪಿಸಿಯೂ ಆಗಿತ್ತು.

ಮರುದಿನದಿಂದ ಕಂಪ್ಯೂಟರು ತೆವಳತೊಡಗಿತು. ಒಂದು ಅಕ್ಷರ ಒತ್ತಿದರೆ ಅದು ಯೋಚಿಸಿ, ಮನೆಯವರನ್ನು ಕೇಳಿ, ಆಮೇಲೆ ಪರದೆಗೆ ಬರುತ್ತಿತ್ತು. ಗುಲಾಬಿ ಎಸಳೆಸಳಾಗಿ ಮೇಲಿನಿಂದ ಇಳಿಯುವಷ್ಟರಲ್ಲಿ ಗಿರಾಕಿಗಳು ಹೋಗಿ ಮಂಡಕ್ಕಿ, ಮಿರ್ಚಿ ತಿಂದು ಬರುತ್ತಿದ್ದರು. ಅಕ್ಕಿ ಗಿರಣಿಗಳು ಕರೆಂಟು ಎಳೆಯುತ್ತಿವೆಯೆಂದು ಸ್ಟೆಬಿಲೈಸರ್ ಹಾಕಿಸಿದೆ. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು, ಎರಡು ಕೊಡ ನೀರು ಸುರಿದೆ. ಮೌಸಿನ ಹೊಟ್ಟೆಯ ಗೋಲಿಯನ್ನು ಸೋಪಿನ ಪುಡಿಯಲ್ಲಿ ತೊಳೆದು ಬಿಸಿಲಿಗಿಟ್ಟೆ. ತಮ್ಮನ್ನು ಎರಡು ಸಲ ಕಿತ್ತು, ಊದಿ, ಒರೆಸಿ, ಮತ್ತೆ ಕೂರಿಸಿ, ಖೊಟ್ಟಿ ಮಾಲು ಕೊಟ್ಟು ಮೋಸ ಮಾಡಿದರೆಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನನ್ನ ಹೆಂಡತಿ ಶಿವಬಸಮ್ಮ ಒಂದು ನಿಂಬೆಹಣ್ಣನ್ನೂ ಕಟ್ಟಿದಳು. ಕೊನೆಗೆ ರಾಯಚೂರಿನ ಒಬ್ಬ ಪರಿಚಯದವರು ಫೋನಿನಲ್ಲಿ, ಇದು ವೈರಸ್ ಇದ್ದರೂ ಇರಬಹುದು, ಫ್ಲಾಪಿಯಿಂದ ಹತ್ತುತ್ತದೆ ಎಂದರು.

ಗ್ಯಾನಮ್ಮನವರ ಚೀಲದಲ್ಲಿ ಒಂದು ಫ್ಲಾಪಿ ಇರುತ್ತಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ಬಿಡಿಸಿದ ಅಂಚಿನ ಹೂಬಳ್ಳಿಗಳು, ಕೌದಿಯ ಚಿತ್ತಾರಗಳು ಅದರಲ್ಲಿದ್ದವು. ಆ ದಿನ ಅಂಗಡಿ ತುಂಬ ಮಂದಿ. ಭತ್ತದ ವ್ಯಾಪಾರಿ ಮಹಮ್ಮದಸಾಬರು ಮಗಳು ರಾಜಾಬೀಯ ಮದುವೆ ಕಾರ್ಡಿಗೆಂದು ಮೂರನೆಯ ಸಲ ಬಂದು ಕುಳಿತಿದ್ದರು. ಅವರ ಮುಂದೆ ನನ್ನ ಮರ್ಯಾದೆ ಉಳಿಯಬೇಕಲ್ಲ, ಗ್ಯಾನಮ್ಮನವರ ಫ್ಲಾಪಿ ಎತ್ತಿ ಹಿಡಿದು ಚೀರಿದೆ: ‘ನಿನ್ನ ಇದರಿಂದನ ಬಂದೈತಿ ರೋಗ! ಎಲ್ಲಿದೋ ಹೊಲಸು ತಂದು ನನ್ನ ಮಿಷನ್ನಿಗೆ ಹಚ್ಚೀದಿ.’

‘ಸಾವುಕಾರ್ರ, ಆ ಫ್ಲಾಪಿ ಈ ಮಿಷನ್ ಬಿಟ್ಟು ಬ್ಯಾರೆ ಮಿಷನ್ನಿನ ಮಾರಿ ನೋಡಿಲ್ರಿ’ ಎಂದರು ಅವರು.

ನಾನು ಇನ್ನೂ ಜೋರಾಗಿ ಚೀರಿದೆ. ಅವರು ನನ್ನ ಕೈಯಿಂದ ಫ್ಲಾಪಿ ತೆಗೆದುಕೊಂಡು, ಬುತ್ತಿ ಡಬ್ಬಿ ಎತ್ತಿಕೊಂಡು ಹೊರಟುಹೋದರು. ತುರ್ವಿಹಾಳದ ಬಸ್ಸಿಗೆ ಇನ್ನೂ ಒಂದೂವರೆ ತಾಸಿತ್ತು. ಅಷ್ಟು ಹೊತ್ತೂ ಅವರು ಎದುರಿಗೆ ಬಿಸಿಲಲ್ಲಿ ನಿಂತಿದ್ದು ನನಗೆ ಬಾಗಿಲಿನಿಂದ ಕಾಣುತ್ತಿತ್ತು. ನಾನು ಕರೆಯಲಿಲ್ಲ.

ಮಹಮ್ಮದಸಾಬರ ಕಾರ್ಡನ್ನು ನಾನೇ ಒಂದು ಬೆರಳಿನಿಂದ ಟೈಪ್ ಮಾಡಿದೆ. ‘ರಾಜಾಬೀ’ ಎಂಬುದು ‘ರಾಜಾ ಬಾ’ ಎಂದಾಯಿತು. ಅವರು ಓದಿ, ಮಡಚಿ ಜೇಬಿಗಿಟ್ಟುಕೊಂಡು ಹೋದರು. ವಾರದ ಮೇಲೆ ಬಂದು, ಅಂಚಿನ ತುಂಬ ಹೂಬಳ್ಳಿ ಇರುವ ಚೆಂದದ ಕಾರ್ಡೊಂದನ್ನು ನನ್ನ ಮುಂದಿಟ್ಟರು. ‘ಮದುವಿಗೆ ಬರ್ರಿ ಕರಿಬಸಪ್ಪಣ್ಣ. ಮಸ್ಕ್ಯಾಗ ಮಾಡಿಸೀನಿ, ಗ್ಯಾನಮ್ಮನ ಕೈಲೆ. ಅಲ್ಲಿ ಮಿಷನ್ನಿಗೆ ಏನೂ ರೋಗ ಹತ್ತಿಲ್ಲ ನೋಡ್ರಿ.’

ಗ್ಯಾನಮ್ಮನವರು ಮಸ್ಕಿಯ ಅಂಗಡಿ ಸೇರಿದ್ದು ನನಗೆ ಗೊತ್ತಿತ್ತು. ಬಸ್ ಬದಲಿಸಲು ಅವರು ದಿನಾ ನನ್ನ ಎದುರಿಗೇ ಇಳಿಯುತ್ತಿದ್ದರು, ನಾನು ದಿನಾ ಪರದೆಯ ಹಿಂದೆ ಬಗ್ಗುತ್ತಿದ್ದೆ. ಇಲ್ಲಿಯೇ ಮಾತಾಡಿಸಿದರೆ ಮಂದಿ ನೋಡುತ್ತಾರೆಂದು ಮರುದಿನ ಮಸ್ಕಿಯವರೆಗೆ ಹೋದೆ. ತಪ್ಪೊಪ್ಪಿಕೊಳ್ಳಲು ಹೋದೆನೆಂದು ಬರೆದರೆ ಓದುವವರಿಗೆ ಸಂತೋಷವಾದೀತು. ನಾನು ಹೋದದ್ದು, ಆ ಫ್ಲಾಪಿಯನ್ನು ಕಡೆಯ ಸಲ ಯಾವತ್ತು ಹಾಕಿದ್ದಿ ಎಂದು ಕೇಳಲು.

ಅವರು ಟೈಪ್ ಮಾಡುತ್ತಲೇ ಕೇಳಿದರು: ‘ಡಬ್ಬಿ ಮುಂದಿನ ಕೆಂಪು ನಂಬರ್ ಈಗ ಎಷ್ಟೈತ್ರಿ?’

‘ಮೂವತ್ಮೂರು. ಅದೊಂದ ಛಲೋ ಆಗಿರೋದು.’

ಆಗ ಅವರ ಕೈ ನಿಂತಿತು. ‘ಅದು ಸೆಕೆ ಅಲ್ರಿ ಸಾವುಕಾರ್ರ, ಮಿಷನ್ನಿನ ಓಟ. ಅರವತ್ತಾರರ ಮ್ಯಾಲ ಓಡೋದು ಅರ್ಧಕ್ಕ ಇಳದೈತಿ. ನಂಬರಿನ ಬಾಜೂಕ ಓಟ ಏರಸಿ ಇಳಸೋ ಟರ್ಬೊ ಅಂತ ಒಂದು ಬಟನ್ ಐತಿ. ನೀವು ಮೊಣಕಾಲಿಲೆ ದೂಡಿದಾಗ ಅದು ಒತ್ತೈತಿ. ನನಗೂ ಇಲ್ಲಿ ಬಂದ ಮ್ಯಾಲ ತಿಳೀತು. ನಂಬರ್ ಬದಲಾಗೈತಿ ಅಂತ ಅವತ್ತ ಹೇಳಿದ್ನಿ, ನೀವು ಮಂದೀನ ಕರ್ಯಾಕ ಹೋದ್ರಿ.’

ಮಾನ್ಯರೇ, ಸಿಂಧನೂರಿಗೆ ಮರಳಿ ಬಂದು ಕಿರುಬೆರಳಿನಿಂದ ಆ ಬಟನ್ ಒತ್ತಿದೆ. ಅರವತ್ತಾರು ಬಂತು. ಗುಲಾಬಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅರಳಿತು. ಅಷ್ಟು ಚೆಂದದ ಹೂವು ನೋಡಿ ನನಗೆ ಎಂದೂ ಅಷ್ಟು ನಾಚಿಕೆಯಾಗಿರಲಿಲ್ಲ. ‘ಒತ್ತಿದವ್ರು ನೀವು, ಬೈಸಿಕೊಂಡಾಕಿ ಅಕಿ’ ಎಂದಳು ಶಿವಬಸಮ್ಮ.

ಮತ್ತೆ ಮಸ್ಕಿಗೆ ಹೋದೆ. ‘ಬಾರವ್ವ, ಆದದ್ದಾತು’ ಎಂದೆ. ‘ಹತ್ತು ಮಂದಿ ಮುಂದ ಅಂದದ್ದನ್ನ ಹತ್ತು ಮಂದಿ ಮುಂದ ಹಿಂದಕ್ಕ ತಗೋರಿ. ಬರದು ಬಾಗಿಲಿಗೆ ಹಚ್ಚರಿ. ಬರೂದು ಬಿಡೂದು ಆಮ್ಯಾಲ’ ಎಂದರು ಗ್ಯಾನಮ್ಮನವರು.

ಆದಕಾರಣ ತಮ್ಮಲ್ಲಿ ನನ್ನದೊಂದು ಅರಿಕೆ. ಆ ದಿನ ಅಂಗಡಿಯಲ್ಲಿದ್ದವರಲ್ಲಿ ಇಬ್ಬರು ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನವರು, ಒಬ್ಬರು ವಳಕಮದಿನ್ನಿಯವರು. ನನ್ನ ಮಾತನ್ನು ಅವರು ಅಂದೇ ಊರಿಗೆ ಒಯ್ದಿದ್ದಾರೆ, ಈ ಬಾಗಿಲನ್ನು ಮಾತ್ರ ಮತ್ತೆ ಯಾವಾಗ ನೋಡುತ್ತಾರೋ ತಿಳಿಯದು. ಆದ್ದರಿಂದ ತಾವು ದಯಮಾಡಿ ಸ್ವತಃ ಬಸ್ಸು ಹತ್ತಿ, ಅವರವರ ಮನೆಯ ಮುಂದೆ ನಿಂತು, ಆ ಹೆಣ್ಣುಮಗಳದು ಏನೂ ತಪ್ಪಿಲ್ಲವೆಂದು ತಮ್ಮ ಲಕ್ಷ ಬಣ್ಣಗಳಲ್ಲಿ, ಕ್ಯಾಂಪಿನಲ್ಲಿ ಬಂಗಾಲಿಯಲ್ಲಿಯೂ, ಸಾರಿ ಬರಬೇಕು. ತಮ್ಮನ್ನು ಖೊಟ್ಟಿ ಮಾಲೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದಕ್ಕೆ ಕ್ಷಮೆ ಇರಲಿ.

ಗ್ಯಾನಮ್ಮನವರೇ, ತಪ್ಪು ಪೂರಾ ನನ್ನದು. ನನ್ನನ್ನು ಕ್ಷಮಿಸಿರಿ.

ಇಂತಿ, ಟೈಪಿಂಗ್ ಕುರ್ಚಿ ಖಾಲಿ ಬಿಟ್ಟುಕೊಂಡು ಕುಳಿತಿರುವ
ತಮ್ಮ ವಿಶ್ವಾಸಿ,
ಕರಿಬಸಪ್ಪ (ಸಹಿ)

ತಾ.ಕ.: ಇದು ಟೈಪ್ ಮಾಡಿದವಳು ಬರೆದದ್ದು. ಸಾವುಕಾರರು ಮಸ್ಕಿಗೆ ತಂದುಕೊಟ್ಟ ಕೈಬರಹದಲ್ಲಿ ಕಾರ್ಡಿಗೆ ಮೂರು ಕಡೆ ಕ್ಷಮೆ ಕೇಳಿದ್ದರು, ನನಗೆ ಒಂದು ಕಡೆಯೂ ಇರಲಿಲ್ಲ. ಕಾರ್ಡಿನದು ಎರಡು ತೆಗೆದು, ‘ಗ್ಯಾನಮ್ಮನವರೇ’ ಎಂದು ಶುರುವಾಗುವ ಎರಡು ಮಾತು ನಾನೇ ಸೇರಿಸಿ, ಬೇಡವಾದರೆ ಅಳಿಸುತ್ತೇನೆ ಎಂದೆ. ಅವರು ಅದನ್ನು ಓದಿದರು. ಆಮೇಲೆ ಪೆನ್ನು ಕೇಳಿ ಸಹಿ ಮಾಡಿದರು. ಸೋಮವಾರದಿಂದ ಬರುತ್ತೇನೆ. ಬಸ್ಸಿನ ಕಿಟಕಿಯಿಂದ ಬಾಗಿಲು ಕಾಣುತ್ತದೆ. ಈ ಹಾಳೆ ಅಲ್ಲಿ ಇಲ್ಲದಿದ್ದರೆ ಮಸ್ಕಿ ಬಸ್ಸು ಹತ್ತುತ್ತೇನೆ.
— ಗ್ಯಾನಮ್ಮ, ತುರ್ವಿಹಾಳ