ಬಳ್ಳಾರಿ ಧೂಳಿಗೊಂದು ಕ್ಲೇ ಬಾರ್

ಹೆಮ್ಮೆ ಪಡಲು ದೊಡ್ಡ ಕಾರಣವೇ ಬೇಕೆಂದು ಕಾಯುವವರು ಕಾಯುತ್ತಲೇ ಇರುತ್ತಾರೆ. ನನಗೆ ಸಿಕ್ಕ ಕಾರಣ ಸಣ್ಣದು: ಕುರುಗೋಡಿನಲ್ಲಿರುವ ನನ್ನ ಅತ್ತೆ ನನ್ನ ಕಾರೊಂದನ್ನು ಬಿಟ್ಟು ಬೇರಾರ ಕಾರಿನಲ್ಲೂ ಕೂರುವುದಿಲ್ಲ. ಬೇರೆ ಕಾರು ಹತ್ತಿದರೆ ಹೊಟ್ಟೆ ತೊಳಸುತ್ತದೆ ಎಂಬುದು ಅವರ ಹೇಳಿಕೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಊರಿನವರ ಹೇಳಿಕೆಗಳನ್ನೆಲ್ಲ ಅನುಮಾನದಿಂದ ಓದುವ ನಾನು, ಇದೊಂದನ್ನು ಮಾತ್ರ ಪರಿಶೀಲನೆಯಿಲ್ಲದೆ ಒಪ್ಪಿಕೊಂಡಿದ್ದೇನೆ.

ಈ ಹೆಮ್ಮೆಗೆ ಕುತ್ತು ಬಂದದ್ದು ಸಿರುಗುಪ್ಪದಿಂದ. ಅಲ್ಲಿರುವ ನನ್ನ ಹೆಂಡತಿಯ ತಮ್ಮ ಶರಣ ಹೊಸ ಮನೆ ಕಟ್ಟಿಸಿದ. ಜತೆಗೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಾರನ್ನೂ ತಂದ. ಗೃಹಪ್ರವೇಶಕ್ಕೆ ಕರೆಯಲು ಬಳ್ಳಾರಿಗೆ ಬಂದವನು ನಮ್ಮ ಬಿಳಿ ಕಾರಿನ ಬಾನೆಟ್ ಮೇಲೆ ಅಂಗೈ ಆಡಿಸಿ, "ಮಾಮಾ, ಇದು ಕಾರೋ, ಖಡಕ್ ರೊಟ್ಟಿನೋ? ಅವ್ವ ರೇಷ್ಮಿ ಸೀರಿ ಉಟ್ಕಂಡು ಇದಕ ಒರಗಿದ್ರ ಎಳಿ ಕಿತ್ತು ಬರ್ತೈತಿ. ಈ ಸಲ ಅಕಿನ್ನ ನಾನಾ ಕರ್ಕಂಡು ಹೊಕ್ಕೀನಿ ಬಿಡ್ರಿ" ಎಂದ. ನನ್ನ ಹೆಂಡತಿ ಗಿರಿಜೆ, "ಬಣ್ಣ ಹೊಡಸ್ರಿ, ಇಲ್ಲಾ ಮಾರ್ರಿ ಅಂತ ನಾನೂ ಹೇಳಾಕತ್ತೀನಿ" ಎಂದು ತವರಿನ ಪಕ್ಷ ಸೇರಿದಳು.

ಸಿಟ್ಟು ಬಂದಾಗ ಮೊದಲು ಸಂಗತಿಯನ್ನು ಖಚಿತಪಡಿಸಿಕೊಳ್ಳುವುದು ನನ್ನ ವೃತ್ತಿ ಕಲಿಸಿದ ಅಭ್ಯಾಸ. ಶರಣ ಹೋದ ಮೇಲೆ ಕಾರು ತೊಳೆದು, ತೆಳು ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ಹಾಕಿಕೊಂಡು ಮೈಯೆಲ್ಲ ಸವರಿ ನೋಡಿದೆ. ಬರಿಗೈಗೆ ತಿಳಿಯದ ತರಿಯೂ ಹೀಗೆ ಸವರಿದರೆ ತಿಳಿಯುತ್ತದೆ. ಉಪ್ಪಿಟ್ಟಿನ ರವೆ ಎರಚಿದಂತಿತ್ತು. ಬಣ್ಣ ಹಾಳಾಗಿರಲಿಲ್ಲ, ಅದಿರು ಲಾರಿಗಳು ಎಬ್ಬಿಸಿದ ಕೆಂಧೂಳು ಅದಕ್ಕೆ ಕಚ್ಚಿಕೊಂಡಿತ್ತು. ಶಾಂಪೂವಿಗೆಲ್ಲ ಅದು ಏಳುವುದಿಲ್ಲ. ಅದಕ್ಕೆ ಕ್ಲೇ ಬಾರ್ ಬೇಕು. ಹೆಸರು ದೊಡ್ಡದು, ನೋಡಲು ನಾದಿಟ್ಟ ಕಣಕದಂಥ ಮೆತ್ತನೆಯ ಮುದ್ದೆ. ಕಾರಿನ ಮೇಲೆ ಸೋಪಿನ ನೀರು ಚಿಮುಕಿಸಿ ಅದನ್ನು ಹಗುರವಾಗಿ ಜಾರಿಸಿದರೆ, ಕಚ್ಚಿಕೊಂಡ ಕಣಗಳನ್ನೆಲ್ಲ ತನಗೆ ಅಂಟಿಸಿಕೊಂಡು ಬರುತ್ತದೆ.

ಆದರೆ ಅದರಲ್ಲಿ ಮೆತ್ತನೆಯದು, ನಡುವಿನದು, ಗಟ್ಟಿಯದು ಎಂಬ ಜಾತಿಗಳಿವೆ. ಕೌಲ್ ಬಜಾರಿನ ಅಂಗಡಿಯವನು ಗಟ್ಟಿಯದನ್ನೇ ಮುಂದಿಟ್ಟ. "ಊರು ಯಾವ್ದು ನೋಡ್ರಿ ಸಾರ್. ಈ ಮೆತ್ತಂದು ಬೆಂಗ್ಳೂರು ಮಂದಿಗೆ. ಬಳ್ಳಾರಿ ಧೂಳು ಇದರ ಮಾತು ಕೇಳ್ತದೇನ್ರಿ?"

"ಗಟ್ಟಿದು ಗೀರು ಬೀಳಸಂಗಿಲ್ಲೇನು?"

"ಬೀಳ್ತಾವ್ರಿ. ಅದಕ್ಕಾ ಪಾಲಿಶ್ ಐತಲ್ಲ. ಅದೂ ನಮ್ತಾಕಾ ಸಿಗ್ತದ."

ನಾನು ಇನ್ನೆರಡು ಅಂಗಡಿ ಅಲೆದೆ. ಅಲ್ಲೂ ಗಟ್ಟಿಯದಕ್ಕೇ ಬಹುಮತ. ಆದರೂ ಒಂದು ಪದ ತೆಗೆದರೆ ಸಾಲುವ ಕಡೆ ಇಡೀ ಪ್ಯಾರಾ ಹೊಡೆಯಬಾರದೆಂದು ಡೆಸ್ಕಿನಲ್ಲಿ ಹುಡುಗರಿಗೆ ಹೇಳುವವನು ನಾನು. ಮೆತ್ತನೆಯದನ್ನೇ ಕೊಂಡೆ. ಬಾಗಿಲಿನ ಕೆಳಮೂಲೆಯಲ್ಲಿ ಅಂಗೈಯಗಲ ಉಜ್ಜಿ ನೋಡಿದೆ. ಮುದ್ದೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಬಾಗಿಲು ಗಾಜಿನಂತಾಯಿತು, ಒಂದು ಗೀರೂ ಇಲ್ಲ. ಗೆದ್ದ ಹುರುಪಿನಲ್ಲಿ ಅರ್ಧ ಮುದ್ದೆ ಕೈಜಾರಿ ಅಂಗಳಕ್ಕೆ ಬಿತ್ತು. ನೆಲಕ್ಕೆ ಬಿದ್ದ ಕ್ಲೇ ಮರಳು ಕಾಗದಕ್ಕೆ ಸಮ, ಎಸೆದೆ. ಮಿಕ್ಕರ್ಧವನ್ನು ಕೊಳೆಯಿಲ್ಲದ ಮೈ ಹೊರಗೆ ಬರುವಂತೆ ಮಡಿಸಿ ಮಡಿಸಿ ನಾದುತ್ತಿದ್ದಾಗ ಗಿರಿಜೆ, "ಹೋಳಿಗಿ ಮಾಡೋವತ್ತು ಈ ಕೈ ಎಲ್ಲಿರ್ತಾವೋ" ಎಂದು ಒಳಗೆ ಹೋದಳು. ಕ್ಲೇ ಹಳೆಯ ಮೇಣವನ್ನೂ ಎತ್ತಿಬಿಡುವುದರಿಂದ, ಇಡೀ ಕಾರು ಉಜ್ಜಿ ಮುಗಿಸಿ ಕೊನೆಗೆ ಹೊಸ ಮೇಣ ಹಚ್ಚಿದೆ. ಸಂಜೆ ಗಿರಿಜೆ ಬಾನೆಟ್ ಸವರಿದಳು. ಆಮೇಲೆ ಇನ್ನೊಮ್ಮೆ ಸವರಿದಳು. ನನಗೆ ಅಷ್ಟು ಸಾಕಿತ್ತು.

ಗೃಹಪ್ರವೇಶದ ದಿನ ಕುರುಗೋಡಿನ ಮನೆಯ ಮುಂದೆ ಎರಡೂ ಕಾರು ನಿಂತವು. ಶರಣ ನನ್ನ ಕಾರು ಮುಟ್ಟಿ ನೋಡಿ, ಬೆರಳು ಹಿಂದಕ್ಕೆ ತೆಗೆದುಕೊಂಡ. ನನ್ನ ಬದುಕಿನ ಒಳ್ಳೆಯ ಕ್ಷಣಗಳಲ್ಲಿ ಅದೊಂದು. ಅಷ್ಟರಲ್ಲಿ ಅತ್ತೆ ಬಂದರು. ಬಾನೆಟ್ ಮೇಲೆ ಮೂರು ಬೆರಳಿನ ವಿಭೂತಿ ಎಳೆಯದೆ ಅವರು ಕಾರು ಹತ್ತುವವರಲ್ಲ. ಅಂಗೈಯಲ್ಲಿ ನೀರು ಹಾಕಿ ಕಲೆಸಿ ಎಳೆದರು. ಹೊಸ ಮೇಣದ ಮೇಲೆ ಮೂರೂ ಗೆರೆಗಳು ಮಣಿಮಣಿಯಾಗಿ ಒಡೆದು ಬಂಪರಿನ ಕಡೆಗೆ ಇಳಿದುಹೋದವು. ಮತ್ತೆ ಎಳೆದರು. ಮತ್ತೆ ಇಳಿದವು.

"ಈಬತ್ತಿ ನಿಲ್ಲವಲ್ದಲ್ರೀ ಅಳಿಯಂದ್ರ. ಏನ್ ಮಾಡೀರಿ ಇದಕ?"

ನಾನು ಕ್ಲೇ ಬಗ್ಗೆ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಶರಣ, "ಅವ್ವಾ, ನನ್ನ ಕಾರಿಗಿ ಪೂಜಾರಿ ಮುಂಜಾನೇನಾ ಹಚ್ಯಾರ. ಒಣಗಿ ಕೂತೈತಿ, ಬಾ" ಎಂದು ಬಾಗಿಲು ತೆರೆದು ಹಿಡಿದ.

ಅತ್ತೆ ಆ ಬಾಗಿಲು ನೋಡಿದರು, ನನ್ನ ಮುಖ ನೋಡಿದರು, ಮನೆಯೊಳಗೆ ಹೋದರು. ಬಂದಾಗ ಅವರ ಕೈಯಲ್ಲಿ ಹಿತ್ತಾಳೆ ಪಾತ್ರೆ ತಿಕ್ಕುವ ತೆಂಗಿನ ನಾರು, ಬೂದಿ, ಹುಣಸೆಹಣ್ಣು ಇದ್ದವು.

"ಅತ್ತೀ, ಗೀರು ಬೀಳ್ತಾವ್ರಿ" ಎಂದೆ.

"ಬೀಳ್ಳಿ. ಮೈಯಾಗ ಒಂದೀಟು ಹಿಡಿತ ಇಲ್ಲಂದ್ರ ದೇವ್ರಾದ್ರೂ ಹೆಂಗ ನಿಲ್ತಾನ?" ಎಂದವರೇ ಬಾನೆಟ್ಟಿನ ನಡುಮಧ್ಯೆ ಅಂಗೈಯಗಲ ಜಾಗವನ್ನು ತಂಬಿಗೆ ತಿಕ್ಕುವಂತೆ ತಿಕ್ಕಿದರು. ಆ ಸದ್ದನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಆಮೇಲೆ ಎಳೆದ ಮೂರು ಗೆರೆ ಅಚ್ಚು ಹಾಕಿದಂತೆ ನಿಂತವು. ಅತ್ತೆ ಕೈ ತೊಳೆದು, ರೇಷ್ಮೆ ಸೆರಗು ಸರಿಮಾಡಿಕೊಂಡು, ನನ್ನ ಪಕ್ಕದ ಸೀಟಿನಲ್ಲಿ ಕೂತರು. ಶರಣ ಗೃಹಪ್ರವೇಶದ ಬೂದುಗುಂಬಳಕಾಯಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಸಿರುಗುಪ್ಪದವರೆಗೆ ನಮ್ಮ ಹಿಂದೆ ಬಂದ.

ಈಗ ಯಾವ ಕ್ಲೇ ತರಲಿ ಎಂದು ಕಚೇರಿಯವರು ಕೇಳುತ್ತಾರೆ. ಮೆತ್ತನೆಯದು, ಸೋಪಿನ ನೀರು ಧಾರಾಳವಾಗಿರಲಿ ಎನ್ನುತ್ತೇನೆ. ಬಾನೆಟ್ ಮೇಲಿನ ಮಂಕು ಮಚ್ಚೆ ಏನು, ಎಲ್ಲಿ ಗುದ್ದಿತು ಎಂದರೆ, ಅಪಘಾತವಲ್ಲ, ಅತ್ತೆಯವರ ರಿಸರ್ವೇಶನ್ ಎಂದು ತಿದ್ದುಪಡಿ ಕೊಡುತ್ತೇನೆ. ಆದರೆ ಮೊನ್ನೆ ತೊಳೆಯುವಾಗ ಆ ಜಾಗ ಮತ್ತೆ ನುಣುಪಾಗುತ್ತಿದೆಯೇನೋ, ವಿಭೂತಿ ನಿಲ್ಲದೇನೋ ಅನಿಸಿತು. ಶರಣ ಆ ವಾರ ಕಪ್ಪು ಕಾರಿನಲ್ಲಿ ಕುರುಗೋಡಿಗೆ ಬರುವ ಸುದ್ದಿಯೂ ಇತ್ತು. ಗಿರಿಜೆ ಒಳಗಿರುವುದನ್ನು ಖಚಿತಪಡಿಸಿಕೊಂಡು, ಗೀರು ಬೀಳಬಾರದೆಂದು ಕೌಲ್ ಬಜಾರೆಲ್ಲ ಅಲೆದ ನಾನೇ, ನಾರು ತಂದು ಚೆನ್ನಾಗಿ ಒಂದು ಸಲ ತಿಕ್ಕಿದೆ.