ಚಾಲಕನನ್ನು ಹೊರತುಪಡಿಸಿ

ಮಧ್ಯಮ ಗಾತ್ರದ ಕಾರು ಪ್ರತಿ ವರ್ಷದ ಹೊಸ ಮಾದರಿಯಲ್ಲಿ ಹಿಂದಿನ ವರ್ಷಕ್ಕಿಂತ ಲೀಟರಿಗೆ ಒಂದು ಕಿಲೋಮೀಟರಾದರೂ ಹೆಚ್ಚು ಓಡತಕ್ಕದ್ದು ಎಂಬುದು ಮೈಲೇಜ್ ಪರೀಕ್ಷಾ ಕಚೇರಿಯ ನಾಲ್ಕನೆಯ ನಿಯಮ. ಓಡದಿದ್ದರೆ ಅದು ಚಾಲಕನ ದೋಷವೆಂದು ಭಾವಿಸಿ ಅವನನ್ನು ಮನೆಗೆ ಕಳಿಸತಕ್ಕದ್ದು ಎಂಬುದು ಐದನೆಯದು. ಕಾರು ಇವೆರಡನ್ನೂ ಓದಿರಲಿಲ್ಲ. ಚಾಲಕ ಓದಿದ್ದ. ಅವನ ನಿವೃತ್ತಿಗೆ ಇನ್ನೇಳು ವರ್ಷವಿತ್ತು.

ಅವನು ಸುಳ್ಳು ಬರೆಯುವವನಲ್ಲ. ಮೊದಲ ವರ್ಷದ ಮಾದರಿ ಹದಿನಾರು ಓಡಿತು, ಹದಿನಾರೆಂದೇ ಬರೆದ. ಎರಡನೆಯ ವರ್ಷ ಕಾರಿನ ಬಾಗಿಲುಗಳು ದಪ್ಪವಾದವು, ಹದಿನೈದಕ್ಕೆ ಇಳಿಯಿತು. ಕಡತ ವಾಪಸು ಬಂತು. ‘ಅಂಕಿಯನ್ನು ತಿದ್ದುವುದು ಅಪರಾಧ. ರಸ್ತೆಯನ್ನು ಪರಿಶೀಲಿಸಿ’ ಎಂಬ ಷರಾ ಇತ್ತು. ಪರಿಶೀಲಿಸಿದ ಮೇಲೆ ಪರೀಕ್ಷೆಯನ್ನು ಗುಡ್ಡದ ನೆತ್ತಿಯಿಂದ ಕೆಳಮುಖವಾಗಿ ನಡೆಸಲಾಯಿತು. ಹದಿನೇಳು ಬಂತು. ಗುಡ್ಡ ಹತ್ತುವಾಗ ಕಾರು ಕುಡಿದ ಪೆಟ್ರೋಲು ಪರೀಕ್ಷೆಗೆ ಮುಂಚಿನದಾದ್ದರಿಂದ ಯಾರಿಗೂ ಸಂಬಂಧಿಸಿರಲಿಲ್ಲ.

ಮೂರನೆಯ ವರ್ಷ ಸ್ಪೇರ್ ಟೈರು, ಹಿಂದಿನ ಸೀಟು ಇಳಿದವು. ನಾಲ್ಕನೆಯ ವರ್ಷ ದಪ್ಪ ಬಾಗಿಲುಗಳೇ ಇಳಿದವು. ಕಚೇರಿಗೆ ಬಂದವರು ಆ ಸೀಟಿನ ಮೇಲೆ ಕೂತು ಕಾಯುತ್ತಿದ್ದರು. ಮೆತ್ತಗಿದೆ ಎಂದು ಹೊಗಳುತ್ತಿದ್ದರು.

ಐದನೆಯ ವರ್ಷ ಇಪ್ಪತ್ತು ಬರಬೇಕಿತ್ತು. ಏನು ಬಿಚ್ಚಿದರೂ ಹದಿನೆಂಟೂವರೆ ದಾಟಲಿಲ್ಲ.

“ಕಾರಲ್ಲಿ ಇನ್ನೇನ್ರೀ ಉಳಿದಿದೆ?” ಮೇಲ್ವಿಚಾರಕರು ಕೇಳಿದರು.

“ಎಂಜಿನ್ನು, ಸ್ಟೀರಿಂಗು, ನಾನು, ಸಾರ್.”

ಮೇಲ್ವಿಚಾರಕರು ಮೂರನ್ನೂ ಒಂದೊಂದಾಗಿ ನೋಡಿದರು. ಕಣ್ಣು ಕೊನೆಯದರ ಮೇಲೆ ನಿಂತಿತು.

“ಎಷ್ಟು ತೂಕ?”

“ಎಂಬತ್ತೆರಡು.”

“ಸ್ಪೇರ್ ಟೈರಿನ ಐದು ಪಟ್ಟು! ಐದು ವರ್ಷದಿಂದ ಸುಮ್ನೆ ಕೂತ್ಕೊಂಡೇ ಬಂದಿದ್ದೀರಲ್ರೀ!”

“ನಾನೇ ಇಳಿದ್ರೆ ನನ್ನ ಕೆಲಸದ ಗತಿ ಏನು ಸಾರ್?”

ನಿಯಮಗಳನ್ನು ಅರೆದು ಕುಡಿದಿದ್ದ ಗುಮಾಸ್ತ ತಲೆ ಎತ್ತದೆ ಹೇಳಿದ: “ಕೆಲಸ ಇರುತ್ತಪ್ಪ. ಕೂರೋ ಹಾಗಿಲ್ಲ, ಅಷ್ಟೆ.”

ಮರುದಿನ ಗುಡ್ಡದ ನೆತ್ತಿಯಲ್ಲಿ ಚಾಲಕ ಸ್ಟೀರಿಂಗ್ ತಿರುಗದಂತೆ ಹಗ್ಗ ಕಟ್ಟಿ, ಎಂಜಿನ್ ಚಾಲೂ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು ಕೆಳಗಿಳಿದ. ಕಾರು ಅವನ ಹಂಗಿಲ್ಲದೆ ಇಳಿದು, ಬುಡದಲ್ಲಿ ಪೇರಿಸಿದ್ದ ಮರಳಿನ ಮೂಟೆಗಳಿಗೆ ಮೂತಿ ಒತ್ತಿ ನಿಂತಿತು. ಲೀಟರಿಗೆ ಮೂವತ್ತೊಂದು! ‘ಚಾಲಕನನ್ನು ಹೊರತುಪಡಿಸಿ’ ಎಂದು ಸಣ್ಣಕ್ಷರದಲ್ಲಿ ಸೇರಿಸಿ ಅವನು ರುಜು ಹಾಕಿದ. ಅದರಲ್ಲೂ ಸುಳ್ಳಿರಲಿಲ್ಲ.

“ಕೆಲಸ ಹೋಯ್ತಾ?” ಮನೆಯಲ್ಲಿ ಹೆಂಡತಿ ಕೇಳಿದಳು.

“ಇಲ್ಲ ಕಣೆ. ಕಾರು ಹೋಯ್ತು.”

ಅವನಿಗೆ ದೂರು ಕೇಳುವ ಮೇಜು ಕೊಟ್ಟರು. ತಿಂಗಳೊಳಗೆ ಅವನ ಹೆಂಡತಿಯ ತಮ್ಮನೇ ಬಂದ. ದರ್ಜಿ; ಬಟ್ಟೆಯ ಗಂಟು ಸಾಗಿಸಲು ಅದೇ ಮಾದರಿಯ ಕಾರು ಕೊಂಡಿದ್ದ.

“ಭಾವ, ನಿಮ್ಮ ರುಜು ನೋಡಿ ತಗೊಂಡೆ. ಹನ್ನೆರಡೂ ಬರ್ತಿಲ್ಲ!”

“ನೋಡೋ, ನಿಜ ಹೇಳ್ಬೇಕಂದ್ರೆ...” ಎಂದು ಚಾಲಕ ಶುರು ಮಾಡಿದ. ಪಕ್ಕದ ಕೋಣೆಯಲ್ಲಿ ಮೇಲ್ವಿಚಾರಕರ ಕುರ್ಚಿ ಕಿರ್ರೆಂದಿತು. ನಿವೃತ್ತಿಗೆ ಉಳಿದಿದ್ದ ಎರಡು ವರ್ಷ ದೊಡ್ಡ ಅವಧಿ.

“ಓಡಿಸುವಾಗ ಒಳಗೆ ಯಾರಿದ್ರು?”

“ನಾನೇ. ಇನ್ಯಾರು?”

“ಅಲ್ಲೇ ನೋಡು ನೀನು ಎಡವಿದ್ದು.”

ದರ್ಜಿ ಗೋಡೆಗೆ ಅಂಟಿಸಿದ್ದ ಮೈಲೇಜ್ ಪ್ರಕಟಣೆಯ ಸಣ್ಣಕ್ಷರ ಓದಿದ. ಅವನ ಮುಖ ಬಾಡಿತು. “ಇವತ್ತು ಅಕ್ಕನೂ ಕೂತಿದ್ಲಲ್ಲ ಭಾವ!”

“ಅವಳೂ ಕೂತಿದ್ಲಾ? ಮತ್ತೆ ಹನ್ನೆರಡು ಬಂದಿದ್ದೇ ಪುಣ್ಯ.”

ದರ್ಜಿ ಕೈಮುಗಿದು, ತಪ್ಪಾಯಿತೆಂದು ಹೇಳಿ ಹೊರಟ. ಚಾಲಕ ಕಿಟಕಿಯಿಂದ ನೋಡಿದ. ಹೆಂಡತಿ ಕಾರಿನಿಂದಿಳಿದು ಗಂಟನ್ನು ತಲೆಯ ಮೇಲಿಟ್ಟುಕೊಂಡಳು. ದರ್ಜಿ ಹೊರಗಿನಿಂದಲೇ ಸ್ಟೀರಿಂಗ್ ಹಿಡಿದು ಕಾರಿನ ಪಕ್ಕದಲ್ಲಿ ಇಳಿಜಾರಿನಲ್ಲಿ ನಡೆದ. ಎದುರಿನಿಂದ ನಾಲ್ವರು ತಮ್ಮ ಕಾರನ್ನು ಏರಿಗೆ ತಳ್ಳಿಕೊಂಡು ಬರುತ್ತಿದ್ದರು. ಬದಿಗೆ ಸರಿದು ದಾರಿ ಬಿಟ್ಟು, ಏದುಸಿರು ಬಿಡುತ್ತಾ ಕೇಳಿದರು: “ನಿಮ್ದು ಎಷ್ಟು ಕೊಡುತ್ತೆ?”