ಎರಡೂಕಾಲು ಕಿಲೋ ಬಂದೂಕಿಗೆ ಆಯುಧಪೂಜೆ

ನನ್ನ ಜೊತೆ ಎಲ್ಲಿಗೂ ಬರದ ಹದಿಮೂರರ ಮಗಳು ನಿಧಿ, ಮೂರು ದಿನದ ಬೆಟ್ಟದ ನಡಿಗೆಗೆ ಬರುತ್ತೇನೆಂದು ಒಪ್ಪಿಬಿಟ್ಟಳು. ಅಪ್ಪನ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಅಭಿಮಾನವೇ!

ಕರೆದವನು ಆಸ್ಟ್ರೇಲಿಯಾದ ಸ್ಯಾಲಿಸ್‌ಬರಿಯ ನಮ್ಮ ಆಫೀಸಿನ ಗ್ರೆಗ್. ಅವನ ಅಣ್ಣನ ಕುರಿ ಫಾರ್ಮಿನಲ್ಲಿ ಕಾಡುಮೇಕೆಗಳ ಹಾವಳಿ. ವರ್ಷಕ್ಕೊಮ್ಮೆ ಗ್ರೆಗ್ ಬೆನ್ನಿಗೆ ಚೀಲ, ಹೆಗಲಿಗೆ ಬಂದೂಕು ಹಾಕಿಕೊಂಡು ಅವನ್ನು ಹೊಡೆಯಲು ಬೆಟ್ಟ ಹತ್ತುತ್ತಾನೆ. ನಾನೂ ಬಂದೂಕು ಹೊರಬೇಕೆಂದು ಅಲ್ಲೇ ನಿಶ್ಚಯಿಸಿದೆ.

"ಜಿರಳೆ ಕಂಡ್ರೆ ನನ್ನ ಕೂಗ್ತೀರಿ, ಮೇಕೆ ಹೊಡೀತೀರಾ?" ಎಂದಳು ಹೆಂಡತಿ ಸುಮ. ಮೈಸೂರಿನ ಇಂಜಿನಿಯರ್ ಇಂಥದ್ದಕ್ಕೆಲ್ಲ ಜಗ್ಗುವವನಲ್ಲ. ಸುರಕ್ಷತೆಯ ತರಬೇತಿ ಮುಗಿಸಿದೆ, ಲೈಸೆನ್ಸ್ ಪಡೆದೆ, ಕಬ್ಬಿಣದ ಬೀರು ತಂದು ಗೋಡೆಗೆ ಬಿಗಿಸಿದೆ. ಮೂರು ದಿನ ಹೊರಬೇಕಲ್ಲ ಎಂದು ಎಲ್ಲಾ ಬಂದೂಕುಗಳ ತೂಕವನ್ನೂ ಗ್ರಾಮಿನ ಲೆಕ್ಕದಲ್ಲಿ ಎಕ್ಸೆಲ್‌ಗೆ ಏರಿಸಿದೆ.

ಬಂದೂಕಿನ ಅಂಗಡಿಯ ಮುದುಕರು ಮೊದಲು ನನ್ನ ಅಜ್ಞಾನವನ್ನು ತೊಳೆದರು. ತಾನಾಗಿ ಗುಂಡು ತುಂಬಿಕೊಳ್ಳುವಂಥದ್ದು ನನ್ನ ಲೈಸೆನ್ಸಿಗೆ ಸಿಗುವುದಿಲ್ಲ, ಒಂದೊಂದು ಸಲವೂ ಗುಂಡು ಕೂರಿಸುವ ಬೋಲ್ಟನ್ನು ಕೈಯಿಂದಲೇ ಎಳೆಯಬೇಕು ಎಂದರು. ಆಮೇಲೆ ಕಾರ್ಬನ್ ನಳಿಗೆಯ ಒಂದನ್ನು ಕೈಗಿಟ್ಟರು. ಎರಡೂಕಾಲು ಕಿಲೋ! ಪುಟ್ಟ ಕುಂಬಳಕಾಯಿಯಷ್ಟೂ ಭಾರವಿಲ್ಲ. ಮನುಷ್ಯ ಇಂಥದ್ದನ್ನೂ ಮಾಡಿದ್ದಾನಲ್ಲ ಎಂದು ಬೆರಗಾಗಿ, ಹಿಡಿದುಕೊಂಡೇ ನಿಂತೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಪ್ಯಾಂಟಿನ ಕಾಲು ಗಿಡ್ಡ ಮಾಡಿಸುವವನ ಹಾಗೆ, ನಳಿಗೆಯನ್ನು ಒಂದೆರಡು ಇಂಚು ಕತ್ತರಿಸಿಕೊಡುತ್ತೀರಾ, ಇನ್ನೂ ಹಗುರವಾಗುತ್ತದೆ ಎಂದು ಕೇಳಿದೆ. ಮುದುಕರು ಕನ್ನಡಕ ತೆಗೆದು, ಅದು ದೊಡ್ಡ ಅಪರಾಧ, ಈ ಮಾತನ್ನು ಇನ್ನೆಲ್ಲೂ ಆಡಬೇಡ ಎಂದು ಮೆಲ್ಲಗೆ ಹೇಳಿದರು. ಜೊತೆಗೆ ಬಂದಿದ್ದ ಸುಮ ಪಕ್ಕದ ಟೋಪಿಗಳನ್ನು ನೋಡುತ್ತಾ, ನಾನು ಯಾರೋ ಎಂಬಂತೆ ನಿಂತಳು.

ಕೊಳ್ಳುವ ಪರ್ಮಿಟ್ ಬಂದು ಬಂದೂಕು ಮನೆ ಸೇರಿದ ವಾರವೇ ಆಯುಧಪೂಜೆ. ಮೂವತ್ತು ವರ್ಷಗಳಿಂದ ಸ್ಕ್ರೂಡ್ರೈವರಿಗೂ ಲ್ಯಾಪ್‌ಟಾಪಿಗೂ ಕುಂಕುಮವಿಟ್ಟ ಕೈ ಇದು. ಮನೆಯಲ್ಲಿ ನಿಜವಾದ ಆಯುಧವೇ ಇರುವಾಗ ಅದನ್ನು ಬೀರುವಿನಲ್ಲಿ ಬಿಡುವುದುಂಟೆ? ಬೋಲ್ಟನ್ನೂ ಗುಂಡುಗಳನ್ನೂ ಒಳಗೇ ಬೀಗ ಹಾಕಿಟ್ಟು, ಬಂದೂಕನ್ನು ಮಾತ್ರ ಮಿಕ್ಸಿಯ ಪಕ್ಕ ಮಲಗಿಸಿದೆ. ಅರಿಶಿನ, ಕುಂಕುಮ, ಸೇವಂತಿಗೆ. ಕೈಮುಗಿದಾಗ ಮೈ ಜುಮ್ಮೆಂದಿತು. ಆಮೇಲೆ ಕಾರಿನ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆದೆ.

ಬಂದೂಕಿನ ಬೀರು ತಪಾಸಣೆಗೆ ಪೊಲೀಸಮ್ಮ ಬಂದದ್ದು ಆಗಲೇ.

ಆಕೆ ಗೇಟಿನಲ್ಲೇ ನಿಂತರು. ಡ್ರೈವ್‌ವೇ ತುಂಬಾ ಕೆಂಪು. ನನ್ನ ಕೈ ಕೆಂಪು, ಪಂಚೆ ಕೆಂಪು. ಕುಂಬಳಕಾಯಿ ಎಂದು ತೋರಿಸಿದೆ. ಆಕೆ ಬಗ್ಗಿ, ತಿರುಳನ್ನು ಮುಟ್ಟಿ ನೋಡಿ ಒಳಗೆ ಬಂದರು. ಬೀರು ತೆರೆದರೆ ಬಂದೂಕೇ ಇಲ್ಲ! ಎಲ್ಲಿ ಎಂದರು. ದೇವರ ಮುಂದೆ ಎಂದೆ.

ಬಂದೂಕು ಬಳಕೆಯಲ್ಲಿಲ್ಲದಾಗ ಬೀರುವಿನಲ್ಲೇ ಇರಬೇಕು, ಈಗ ಇದು ಬಳಕೆಯಲ್ಲಿದೆಯೇ ಎಂದು ಆಕೆ ಕೇಳಿದರು. ನನಗೆ ಇಂಗ್ಲಿಷೇ ಮರೆತುಹೋಯಿತು. ಲೈಸೆನ್ಸ್ ಹೋದರೆ ಬೆಟ್ಟವಿಲ್ಲ, ಮಗಳ ಜೊತೆಗಿನ ಮೂರು ದಿನವೂ ಇಲ್ಲ. ಅಳುವೇ ಬಂತು.

ಆಗ ನಿಧಿ ಮಹಡಿಯಿಂದ ಇಳಿದು ಬಂದಳು. ನಮಗೆ ಕೆಲಸ ಮಾಡಿಕೊಡುವ ಸಾಮಾನಿಗೆ ವರ್ಷಕ್ಕೊಮ್ಮೆ ಬಿಡುವು ಕೊಟ್ಟು ಕೃತಜ್ಞತೆ ಹೇಳುವುದು ಈ ಪೂಜೆ, ಆದರೂ ಡ್ಯಾಡ್ ಮಾಡಿದ್ದು ತಪ್ಪು ಎಂದು ತನ್ನ ಆಸ್ಟ್ರೇಲಿಯನ್ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದಳು. ಇದನ್ನೆಲ್ಲ ಯಾವಾಗ ಕಲಿತಳು? ಪೊಲೀಸಮ್ಮನಿಗಿಂತ ನಾನೇ ಹೆಚ್ಚು ಬೆರಗಾದೆ.

ಬಂದೂಕು ಒರೆಸಿ ಒಳಗಿಟ್ಟು ಬೀಗ ಹಾಕುವುದನ್ನು ಆಕೆ ನಿಂತು ನೋಡಿದರು. ಲಿಖಿತ ಎಚ್ಚರಿಕೆ ಕೊಡುತ್ತೇನೆ, ಲೈಸೆನ್ಸ್ ತೆಗೆಯುವುದಿಲ್ಲ ಎಂದರು. ಹೊರಡುವ ಮುಂಚೆ, ಬೆಟ್ಟಕ್ಕೆ ನೀನೂ ಹೋಗುತ್ತೀಯಾ ಎಂದು ನಿಧಿಯನ್ನು ಕೇಳಿದರು. ನಾನು ಎದೆ ಉಬ್ಬಿಸಿ ಪಕ್ಕದಲ್ಲಿ ನಿಂತೆ.

ಅವಳು ನನ್ನ ಕಡೆ ತಿರುಗಿ, ಅಪರೂಪಕ್ಕೆ ಕನ್ನಡದಲ್ಲೇ ಉತ್ತರ ಕೊಟ್ಟಳು.

"ಹೋಗ್ಲೇಬೇಕಲ್ಲ ಅಪ್ಪ. ನೀವು ನಿಮ್ಮ ಕಾಲಿಗೇ ಗುಂಡು ಹೊಡ್ಕೊಂಡ್ರೆ ಆಂಬ್ಯುಲೆನ್ಸಿಗೆ ಫೋನ್ ಮಾಡೋರು ಯಾರು?"

ಪೊಲೀಸಮ್ಮ ಅರ್ಥ ಕೇಳಿದರು. ಸುಮ ಬಹಳ ಸಂತೋಷದಿಂದ ಅನುವಾದಿಸಿದಳು. ಆಕೆ ತಲೆಯಾಡಿಸಿ, ಈ ಮನೆಯಲ್ಲಿ ಜವಾಬ್ದಾರಿ ಇರುವವರು ಒಬ್ಬರಾದರೂ ಇದ್ದಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಲೈಸೆನ್ಸ್ ಇರುವುದು ಮಾತ್ರ ನನ್ನ ಹೆಸರಿನಲ್ಲಿ!